ಪಿಕಪ್ ಹಿಂದೆ ಜನರೇಟರ್ ಟ್ರಾಲಿ: ಪಿಂಟಲ್ ಹುಕ್, ಓವರ್‌ರನ್ ಬ್ರೇಕ್ ಸೆಟ್ ಎರಡು ಮಳೆಗಾಲ ಕಂಡ ಮೇಲೆ

ಹುಬ್ಬಳ್ಳಿಯಲ್ಲಿ ನಮ್ಮದು ಜನರೇಟರ್ ಬಾಡಿಗೆ ಕೊಡುವ ವ್ಯವಹಾರ. ಮದುವೆ, ಜಾತ್ರೆ, ಸ್ಲ್ಯಾಬ್ ಕೆಲಸ, ಕರೆದಲ್ಲಿಗೆ ಹೋಗುತ್ತೇವೆ. ಸೀಸನ್ ಬಂತೆಂದರೆ 62.5 ಕೆವಿಎ ಸೈಲೆಂಟ್ ಸೆಟ್ಟನ್ನು ಪಿಕಪ್ ಹಿಂದೆ ಕಟ್ಟಿಕೊಂಡು ಗದಗ, ಲಕ್ಷ್ಮೇಶ್ವರ, ಸವಣೂರು, ಹಾವೇರಿ ಅಂತ ಓಡಾಟ. ಹಳೆಯ ಟ್ರಾಲಿಗೆ ಟ್ರಾಕ್ಟರ್ ತರಹದ ಪಿನ್ ಕಪ್ಲಿಂಗ್ ಇತ್ತು, ಬ್ರೇಕ್ ಇರಲಿಲ್ಲ. ಅದನ್ನು ಕೊಟ್ಟು ಪಿಂಟಲ್ ಹುಕ್ (ಟ್ರಾಲಿ ಮೂಕಿಯ ತುದಿಯ ಬಳೆಯನ್ನು ಹಿಡಿದುಕೊಳ್ಳುವ ಕೊಂಡಿ), ಓವರ್‌ರನ್ ಬ್ರೇಕ್ ಇರುವ ಆಕ್ಸಲ್, ಸೇಫ್ಟಿ ಚೈನ್ ಎಲ್ಲ ಸೇರಿದ ಸೆಟ್ ಹಾಕಿಸಿದೆವು. ಖರ್ಚು 60,000 ರೂಪಾಯಿ ಆಸುಪಾಸು.

ಮೊದಲು ಬ್ರೇಕ್ ವಿಷಯ. ಕೊಟ್ಟ ದುಡ್ಡಿಗೆ ಬೆಲೆ ಬಂದದ್ದು ಅದರಿಂದಲೇ. ಪಿಕಪ್ ನಿಧಾನವಾದಾಗ ಟ್ರಾಲಿ ಮುಂದಕ್ಕೆ ನುಗ್ಗುತ್ತದೆ ಅಲ್ವಾ? ಆ ನುಗ್ಗುವ ಒತ್ತಡಕ್ಕೇ ಮೂಕಿಯೊಳಗಿನ ರಾಡ್ ಹಿಂದೆ ಸರಿಯುತ್ತದೆ, ಕೇಬಲ್ ಎಳೆಯುತ್ತದೆ, ಟ್ರಾಲಿಯ ಡ್ರಮ್ ಬ್ರೇಕ್ ಹಿಡಿಯುತ್ತದೆ. ಕರೆಂಟ್ ಬೇಡ, ಗಾಳಿ ಬೇಡ. ನಮ್ಮ ಡ್ರೈವರ್ ಹೊಸ ಸೆಟ್ಟಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದವನೇ, "ಧಣ್ಯಾರ, ಹಿಂದಿಂದ ದೂಡೂದು ನಿಂತೈತ್ರಿ" ಅಂದ. ಒಂದೂವರೆ ಟನ್ನಿಗಿಂತ ಜಾಸ್ತಿ ಭಾರ ಎಳೆಯುವುದು ಪಿಕಪ್ಪಿನ ಇಂಜಿನ್ನಿಗೆ ದೊಡ್ಡ ಮಾತಲ್ಲ. ಪೇಚಾಟವೆಲ್ಲ ನಿಲ್ಲಿಸುವಾಗ. 40ರ ಬದಲು 60ರಲ್ಲಿ ಹೋದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು ಆಗುತ್ತದೆ. ಹಾಗಾಗಿ ಗದಗ ರಸ್ತೆ ಎಷ್ಟೇ ನುಣ್ಣಗಿರಲಿ, ನಮ್ಮ ಗಾಡಿ 40–45ರಲ್ಲೇ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಈ ಬ್ರೇಕಿಗೆ ಘಾಟ್ ಆಗಿಬರುವುದಿಲ್ಲ. ಯಲ್ಲಾಪುರ ದಾಟಿ ಅಂಕೋಲಾ ಕಡೆ ಅರಬೈಲ್ ಘಾಟ್ ಇಳಿಯುವಾಗ ಪಿಕಪ್ಪನ್ನು ಸೆಕೆಂಡ್ ಗೇರಿನಲ್ಲಿ ಹಿಡಿದರೆ, ಟ್ರಾಲಿ ಇಳಿಜಾರಿನುದ್ದಕ್ಕೂ ಅದನ್ನು ತಳ್ಳುತ್ತಲೇ ಇರುತ್ತದೆ. ಅಂದರೆ ಟ್ರಾಲಿ ಬ್ರೇಕ್ ಒಂದು ಕ್ಷಣವೂ ಪೂರ್ತಿ ಬಿಡುವುದಿಲ್ಲ. ನಡುವೆ ನಿಲ್ಲಿಸಿ ನೋಡಿದರೆ ಲೈನರ್ ಸುಟ್ಟ ವಾಸನೆ, ಡ್ರಮ್ ಹತ್ತಿರ ಕೈ ಒಯ್ಯಲಾಗದಷ್ಟು ಕಾವು. ಹುಡುಗ ಬಾಟಲಿ ನೀರು ಸುರಿಯಲು ಹೊರಟಿದ್ದ, ತಡೆದೆವು. ಕಾದ ಎರಕದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಸೀಳಬಹುದು. ಅಗಲ ಜಾಗ ಸಿಕ್ಕಲ್ಲಿ ನಿಂತು ಆರಿಸಿಕೊಂಡು ಇಳಿಯುವುದೊಂದೇ ದಾರಿ. ಬಯಲುಸೀಮೆಯಲ್ಲಿ ಮಾತ್ರ ಓಡಿಸುವವರಿಗೆ ಈ ತಾಪತ್ರಯ ಇಲ್ಲ.

ರಿವರ್ಸ್ ತೆಗೆಯುವಾಗಲೂ ಟ್ರಾಲಿ ತಳ್ಳಿಸಿಕೊಳ್ಳುವುದರಿಂದ ಬ್ರೇಕ್ ಹಿಡಿಯುತ್ತದೆ. ನಮ್ಮದರಲ್ಲಿ ಅದನ್ನು ತಡೆಯುವ ಚಿಕ್ಕ ಲಿವರ್ ಇದೆ, ಕೆಳಗಿಳಿದು ಕೈಯಿಂದಲೇ ಹಾಕಬೇಕು. ಕಲ್ಯಾಣ ಮಂಟಪದ ಹಿಂದಿನ ಸಂದಿಯಲ್ಲಿ, ಅಡುಗೆಯವರ ಪಾತ್ರೆಗಳ ನಡುವೆ, ಇದು ಕಿರಿಕಿರಿಯೇ. ತಾನಾಗಿಯೇ ಬಿಟ್ಟುಕೊಳ್ಳುವ ಹಬ್ ಇರುವ ಆಕ್ಸಲ್ ಕೂಡ ಬರುತ್ತದೆ. ಬಜೆಟ್ ಇದ್ದರೆ ಅದನ್ನೇ ತೆಗೆದುಕೊಳ್ಳಿ.

ಹುಕ್ಕಿನ ಬಗ್ಗೆ ದೂರು ಕಡಿಮೆ. ಎರೆ ಹೊಲದ ಬದಿಯ ಏರುತಗ್ಗಿನಲ್ಲಿ, ಜಾತ್ರೆ ಮೈದಾನದಲ್ಲಿ ಗಾಡಿ ಒಂದು ಕಡೆ, ಟ್ರಾಲಿ ಒಂದು ಕಡೆ ವಾಲಿದರೂ ಬಳೆ ಸಿಕ್ಕಿಕೊಳ್ಳುವುದಿಲ್ಲ. ಸದ್ದು ಮಾತ್ರ ಉಂಟು. ಪ್ರತಿ ಹಂಪ್‌ಗೂ ಖಟ್, ಖಟ್. ಬಳೆಯ ಒಳಮೈ ಒಂದು ಕಡೆ ಸವೆದು ಸ್ವಲ್ಪ ಮೊಟ್ಟೆಯಾಕಾರ ಆಗುತ್ತಿದೆ. ಗ್ರೀಸ್ ಹಚ್ಚಿ, ಆಗಾಗ ವರ್ನಿಯರ್ ಹಿಡಿದು ನೋಡುತ್ತೇವೆ. ಬ್ರಾಕೆಟ್ಟನ್ನು ಬಂಪರಿಗೆ ವೆಲ್ಡ್ ಮಾಡಿಸದೆ ಚಾಸಿಗೆ ಬೋಲ್ಟ್ ಹಾಕಿಸಿದ್ದು ಒಳ್ಳೆಯದಾಯಿತು. ಮೂರು ಎತ್ತರದ ತೂತು ಇರುವುದರಿಂದ ಟ್ರಾಲಿ ನೆಲಕ್ಕೆ ಸಮನಾಗಿ ಕೂರುತ್ತದೆ. ಮೂಕಿ ಮೇಲೆತ್ತಿಕೊಂಡರೆ ಭಾರ ಹಿಂದಕ್ಕೆ ಹೋಗುತ್ತದೆ, ಟ್ರಾಲಿ ಬಾಲ ಆಡಿಸಲು ಶುರುಮಾಡುತ್ತದೆ.

ಬಾಲ ಆಡಿಸುವುದನ್ನು ತಡೆಯಲು ಅಮರಗೋಳ ಎಪಿಎಂಸಿ ಕಡೆಯ ಕಾಟಾದಲ್ಲಿ ತೂಕ ಮಾಡಿಸಿದೆವು. ಡೀಸೆಲ್ ಟ್ಯಾಂಕ್ ತುಂಬಿಸಿ ಟ್ರಾಲಿ ಒಂದನ್ನೇ ನಿಲ್ಲಿಸಿದಾಗ 1,780 ಕೆಜಿ. ಆಮೇಲೆ ಪಿಕಪ್‌ಗೆ ಕಟ್ಟಿ, ಟ್ರಾಲಿ ಚಕ್ರ ಮಾತ್ರ ಕಾಟಾ ಮೇಲೆ ಇರುವಂತೆ ನಿಲ್ಲಿಸಿದಾಗ 1,590. ಉಳಿದ 190 ಕೆಜಿ ಹುಕ್ಕಿನ ಮೇಲೆ, ಅಂದರೆ ಶೇಕಡಾ ಹತ್ತಕ್ಕಿಂತ ತುಸು ಜಾಸ್ತಿ. ಹತ್ತರಿಂದ ಹದಿನೈದರ ಒಳಗೆ ಇದ್ದರೆ ಸರಿ. ಈ 190 ಕೆಜಿ ಪಿಕಪ್ಪಿನ ಲೋಡ್ ಲೆಕ್ಕಕ್ಕೂ ಸೇರುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಟ್ಯಾಂಕ್ ತುಂಬಿಸಿದ್ದು ಸುಮ್ನೆ ಅಲ್ಲ. ನಮ್ಮ ಸೆಟ್ಟಿನ ಟ್ಯಾಂಕ್ ಹಿಂಬದಿಗಿದೆ, ನೂರು ಲೀಟರ್ ಡೀಸೆಲ್ ಅಂದರೆ 83 ಕೆಜಿ ಆಸುಪಾಸು. ಅದು ತುಂಬಿದಾಗಲೇ ಮೂಕಿ ಹಗುರಾಗುವುದು. ಹುಡುಗರು ಕೇಬಲ್ ಬಂಡಲ್‌ಗಳನ್ನು ಟ್ರಾಲಿಯ ಹಿಂಬದಿಗೆ ಎಸೆಯುವ ರೂಢಿಯನ್ನೂ ಬಿಡಿಸಿದ್ದೇವೆ. ಕೇಬಲ್ ಈಗ ಪಿಕಪ್ಪಿನ ಡಾಲಾದಲ್ಲಿ. ಇಷ್ಟಾದರೂ ಟ್ರಾಲಿ ಅಲ್ಲಾಡಿದರೆ ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಬೇಕು. ಗಾಬರಿಯಲ್ಲಿ ಬ್ರೇಕ್ ತುಳಿಯಬಾರದು.

ಚೈನ್ ಎರಡನ್ನೂ ಮೂಕಿಯ ಕೆಳಗೆ ಕತ್ತರಿ ಹಾಕಿ ಕಟ್ಟುತ್ತೇವೆ. ಹುಕ್ ತಪ್ಪಿದರೂ ಮೂಕಿ ನೆಲಕ್ಕೆ ಬಡಿಯದೆ ಚೈನ್ ಮೇಲೆ ಕೂರಲಿ ಅಂತ. ಟ್ರಾಲಿ ಕಳಚಿಕೊಂಡರೆ ಅದರ ಹ್ಯಾಂಡ್‌ಬ್ರೇಕ್ ಎಳೆಯುವ ಬ್ರೇಕ್‌ಅವೇ ಕೇಬಲ್ಲನ್ನು ಹುಕ್ಕಿಗೆ ಸಿಕ್ಕಿಸಬೇಡಿ, ಪಿಕಪ್ಪಿನ ಚಾಸಿಗೆ ಕಟ್ಟಿ. ಹುಕ್ಕೇ ಕಿತ್ತುಬಂದರೆ ಟ್ರಾಲಿಯ ಹ್ಯಾಂಡ್‌ಬ್ರೇಕ್ ಎಳೆಯುವವರು ಯಾರು?

ವೈರಿಂಗ್ ಮಾತ್ರ ಕಳಪೆ. ಮಾಡಿಕೊಟ್ಟವರು ವೈರನ್ನು ಜೋತು ಬಿಟ್ಟಿದ್ದರು, ಮೊದಲ ಮಳೆಗಾಲದಲ್ಲೇ ನೆಲಕ್ಕೆ ಉಜ್ಜಿ ತುಂಡಾಯಿತು. ಪೈಪಿನೊಳಗೆ ಹೊಸ ವೈರ್ ಎಳೆಸಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ನಾವೇ ಅಂಟಿಸಿದೆವು. ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಲೈಟಿಲ್ಲದ ಟ್ರೇಲರ್ ಹಿಂದೆ ಸಿಕ್ಕಿಕೊಂಡವರಿಗೆ ಇದರ ಬೆಲೆ ಗೊತ್ತು. ರಾಡ್ ಮೇಲಿನ ರಬ್ಬರ್ ಬೂಟ್ ಕೂಡ ಬಿರುಕು ಬಿಟ್ಟಿತ್ತು. ಎರೆ ಮಣ್ಣು ಒಳಗೆ ಹೋದರೆ ರಾಡ್ ಜಾಮ್, ಆಮೇಲೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಒಂದು ಬೂಟ್ ಸ್ಪೇರ್ ಇಟ್ಟುಕೊಳ್ಳಿ.

ಟ್ರಾಲಿಗೂ ನೋಂದಣಿ ಬೇಕು. ವಿಮೆ ಪಾಲಿಸಿಯಲ್ಲಿ ಅದರ ಹೆಸರು ಇದೆಯಾ ಅಂತಲೂ ನೋಡಿಕೊಳ್ಳಿ.

ಇಂಥ ಸೆಟ್ ತೆಗೆದುಕೊಳ್ಳುವ ಮೊದಲು ನಿಮ್ಮ ಪಿಕಪ್ಪಿನ ಮ್ಯಾನುಯಲ್ ತೆರೆದು ಎಷ್ಟು ಭಾರ ಎಳೆಯಬಹುದು ಅಂತ ಓದಿ. ಒಂದೂವರೆ, ಎರಡು ಟನ್ನಿನ ಜನರೇಟರ್ ಟ್ರಾಲಿಗೆ ಇದು ಸರಿ. ಮೂರು ಟನ್ ದಾಟುವ ಕಂಪ್ರೆಸರ್ ಇದ್ದವರು ಹುಕ್ ಎಷ್ಟು ಗಟ್ಟಿ ಅಂತ ಕೇಳುತ್ತಾ ಕೂರದೆ ಲಾರಿ, ಕ್ರೇನ್ ಬಾಡಿಗೆಗೆ ಹೇಳಿ.