ಕೊಡಗಿನಲ್ಲಿ ಹಳೇ ಅಬಾರ್ತ್ ಪುಂಟೊ: ಇಂಜಿನ್ ಚಿನ್ನ, ಹೊಟ್ಟೆ ನೆಲಕ್ಕೆ

ಫಿಯಟ್ ಅಬಾರ್ತ್ ಪುಂಟೊ ಬಗ್ಗೆ ಬರೆಯುವವರೆಲ್ಲ 145 ಬಿಎಚ್‌ಪಿಯಿಂದ ಶುರು ಮಾಡುತ್ತಾರೆ. ನಾನು 155 ಮಿಲಿಮೀಟರ್‌ನಿಂದ ಶುರು ಮಾಡುತ್ತೇನೆ. ಈ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಅಷ್ಟೆ. ಬೆಂಗಳೂರಿನಲ್ಲಿ ಇದನ್ನು ಮರೆತು ಬದುಕಬಹುದು. ಪೊನ್ನಂಪೇಟೆ ಕಡೆ ತೋಟದ ಮನೆಯಲ್ಲಿ ಇರುವವನಿಗೆ ಮರೆಯೋಕಾಗಲ್ಲ.

ನಮ್ಮ ಮನೆ ಟಾರು ರೋಡಿನಿಂದ ಒಳಗೆ. ಗೇಟು ದಾಟಿದರೆ ಮಣ್ಣು ದಾರಿ, ಅಲ್ಲಲ್ಲಿ ಕಲ್ಲು, ನಡುವೆ ಮಳೆ ನೀರು ಹೋಗಲು ಅಡ್ಡ ಚರಂಡಿ. ಜೀಪಿಗೂ ಪಿಕಪ್ ವ್ಯಾನಿಗೂ ಅದು ಒಳ್ಳೆಯ ದಾರಿಯೇ. ಆದರೆ ಟ್ರ್ಯಾಕ್ಟರ್ ಚಕ್ರ ಎರಡೂ ಕಡೆ ಕೊರೆದು ನಡುವೆ ಮಣ್ಣಿನ ದಿಣ್ಣೆ ಉಳಿದಿದೆ. ಅದರ ಎತ್ತರ ಸರಿಯಾಗಿ ಅಬಾರ್ತ್‌ನ ಆಯಿಲ್ ಸಂಪಿನ, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಯ, ಎತ್ತರ. ಬೇಸಿಗೆಯಲ್ಲಿ ಒಂದು ಕಡೆಯ ಚಕ್ರ ದಿಣ್ಣೆಯ ಮೇಲೆ, ಇನ್ನೊಂದು ಕಡೆಯದು ಅಂಚಿನ ಹುಲ್ಲಿನ ಮೇಲೆ ಇಟ್ಟು ಹೇಗೋ ಒಳಗೆ ತರಬಹುದು. ಜೂನ್ ಬಂತು ಅಂದರೆ ಆ ಆಸೆಯೂ ಇಲ್ಲ. ಮಳೆಗಾಲ ಪೂರ್ತಿ ಕಾರು ರೋಡ್ ಬದಿಯ ಚಿಕ್ಕಪ್ಪನ ಶೆಡ್ಡಿನಲ್ಲಿ. ನಾನು ಕೊಡೆ ಹಿಡಿದು, ಇಂಬಳ ಹತ್ತದ ಹಾಗೆ ಗಂಬೂಟು ಹಾಕಿಕೊಂಡು, ಶೂಗಳನ್ನು ಕವರಿನಲ್ಲಿ ಕಟ್ಟಿಕೊಂಡು ನನ್ನ ಸ್ಪೋರ್ಟ್ಸ್ ಕಾರಿನ ಹತ್ತಿರ ನಡೆದು ಹೋಗುತ್ತೇನೆ. ಚಿಕ್ಕಪ್ಪನದು ಯಾವಾಗಲೂ ಒಂದೇ ಮಾತು: "ಕಾರಿನ ಹತ್ರ ಬರೋಕೆ ಜೀಪು ತರೋದಲ್ವಾ ಮಗ?"

ಇದು ಸ್ಪೋರ್ಟ್ಸ್ ಕಾರೇ ಅಲ್ಲ, ಐದು ಬಾಗಿಲಿನ ಹ್ಯಾಚ್‌ಬ್ಯಾಕ್ ಅನ್ನುವವರಿದ್ದಾರೆ. ಇರಲಿ. ಎರಡು ಬಾಗಿಲಿನ ಜರ್ಮನ್ ಗಾಡಿ ಸಾಕುವಷ್ಟು ನಮ್ಮ ತೋಟ ಬೆಳೆಯಲ್ಲ. ರೊಬಸ್ಟಾ ರೇಟು ಏರಿದ ವರ್ಷ ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯಿತು. ಅಪ್ಪನಿಗೆ ಹೊಸ ಸ್ಪ್ರಿಂಕ್ಲರ್ ಪೈಪು ಬೇಕಿತ್ತು, ನನಗೆ ಇದು ಬೇಕಿತ್ತು. ಪೈಪೂ ಬಂತು, ಇದೂ ಬಂತು, ಐದು ಲಕ್ಷದೊಳಗೆ. 2015ರ ಅಕ್ಟೋಬರಿನಲ್ಲಿ ಇದು ಬಂದಾಗ ದೆಹಲಿ ಶೋರೂಂ ಬೆಲೆ 9.95 ಲಕ್ಷ ಇತ್ತು. ಆ ದುಡ್ಡಿಗೆ ಇಷ್ಟು ಪಿಕಪ್ ಇರುವ ಗಾಡಿ ಆಗ ಇರಲಿಲ್ಲ. ಈಗ ಅರ್ಧ ಬೆಲೆಗೆ ಇದೆಯಾ ಅಂದರೆ, ಈಗಲೂ ಇಲ್ಲ.

ಕೊಳ್ಳುವಾಗ ನೋಡಿದ್ದು ಮೂರೇ. ಒಂದು, ಕೆಎ ನಂಬರ್ ಇರಬೇಕು. ಹೊರ ರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತೆ ನಿಜ, ಆದರೆ ಎನ್‌ಒಸಿ ತಂದು ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಉಳಿಸಿದ್ದೆಲ್ಲ ಹೋಗುತ್ತೆ. ಎರಡು, ಮೈಸೂರಿನಲ್ಲಿ ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿದೆ. ಬಾನೆಟ್ ತೆಗೆದು ತೋರಿಸುವವರು ಬೇಕಾದಷ್ಟು ಜನ. ಹೊಟ್ಟೆ ತೋರಿಸಿ ಅಂದಾಗ ಮುಖ ಸಣ್ಣ ಮಾಡಿದ ಬ್ರೋಕರ್ ಹತ್ತಿರ ಮತ್ತೆ ಮಾತಾಡಲಿಲ್ಲ. ಮೂರು, ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಬೆಲ್ಟ್. ಈ 1.4 ಟಿ-ಜೆಟ್ ಇಂಜಿನ್ನಿನಲ್ಲಿ ಚೈನ್ ಇಲ್ಲ, ರಬ್ಬರ್ ಬೆಲ್ಟ್. ಕಮ್ಮಿ ಓಡಿದೆ ಅಂತ ಖುಷಿಪಡುವ ಹಾಗಿಲ್ಲ, ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ. ಬದಲಾಯಿಸಿದ ಬಿಲ್ ಇರಲಿಲ್ಲ, ಆ ಖರ್ಚನ್ನು ರೇಟಿನಲ್ಲಿ ಮುರಿಸಿಕೊಂಡು ಮೊದಲ ವಾರವೇ ಹೊಸದು ಹಾಕಿಸಿದೆ.

ಇಷ್ಟೆಲ್ಲ ಗೊಣಗಿ ಆಯಿತು. ಈಗ ಸ್ಟೇರಿಂಗ್ ವಿಷಯ.

ಪಿಕಪ್ ಚೆನ್ನಾಗಿರುತ್ತೆ ಅಂತ ಗೊತ್ತಿದ್ದೇ ತಗೊಂಡಿದ್ದು. ಸ್ಟೇರಿಂಗ್ ಇಷ್ಟು ಹಿಡಿಸುತ್ತೆ ಅಂತ ಯಾರೂ ಹೇಳಿರಲಿಲ್ಲ. ಇದರದ್ದು ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ನೆರವು ಕೊಡುವುದು. ಮನೆಯಲ್ಲಿರುವ ಇನ್ನೊಂದು ಕಾರಿನ ಎಲೆಕ್ಟ್ರಿಕ್ ಸ್ಟೇರಿಂಗ್ ಬೆರಳಿನಲ್ಲೇ ತಿರುಗುತ್ತೆ, ಆದರೆ ಕೆಳಗೆ ಟಾರು ಇದೆಯೋ ಜಲ್ಲಿ ಇದೆಯೋ ಅಂತ ಹೇಳಲ್ಲ. ಇದು ಹೇಳುತ್ತೆ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿಯುವಾಗ ಕೊಳೆತ ಎಲೆ ಬಿದ್ದ ಜಾಗ, ಮರದಿಂದ ನೀರು ಸೋರಿ ಪಾಚಿ ಹಿಡಿದ ಜಾಗ, ಹೊಸ ಟಾರಿನ ತೇಪೆ, ಎಲ್ಲ ಅಂಗೈಗೆ ಗೊತ್ತಾಗುತ್ತೆ. ಮುಂದಿನ ಚಕ್ರ ಜಾರುವ ಮೊದಲು ಸ್ಟೇರಿಂಗ್ ಹಗುರ ಆಗುತ್ತೆ. ಅಲ್ಲೇ ಕಾಲು ಸಡಿಲ ಮಾಡಿದರೆ ಆಯಿತು. ಪಾರ್ಕಿಂಗಿನಲ್ಲಿ ಭಾರ ಅಂತ ಅಮ್ಮ ಇದನ್ನು ಮುಟ್ಟಲ್ಲ. ಪರವಾಗಿಲ್ಲ, ಅದೂ ಒಂದು ಲಾಭ.

ಇಂಜಿನ್ ಮಾತ್ರ 2000 ಆರ್‌ಪಿಎಂ ಕೆಳಗೆ ಒಳ್ಳೆ ನಿದ್ದೆ ಹೊಡೆಯುತ್ತೆ. ಹೇರ್‌ಪಿನ್‌ನಲ್ಲಿ ಸೆಕೆಂಡ್ ಗೇರಿನಲ್ಲಿ ಹತ್ತಿಸಿದರೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟರ್ಬೊ ಎದ್ದು 212 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಒಟ್ಟಿಗೆ ಮುಂದಿನ ಚಕ್ರಕ್ಕೆ ಬರುತ್ತೆ. ಒದ್ದೆ ರೋಡಿನಲ್ಲಿ ಅದು ಬರುವಾಗ ಸ್ಟೇರಿಂಗ್ ನೇರ ಇರಲಿ. ಘಾಟಿಯಲ್ಲಿ ಮೈಲೇಜ್ ಹತ್ತು ದಾಟಲ್ಲ. ಅದನ್ನು ಕೇಳುವವರು ಬೇರೆ ಕಾರು ನೋಡಬಹುದು.

ಭಾನುವಾರ ಬೆಳಗ್ಗೆಯ ಕ್ರಮ ಹೀಗೆ. ಮೊದಲು ಬಾನೆಟ್ ಎತ್ತಿ ಟಾರ್ಚ್ ಹಾಕಿ ಇಲಿ ನೋಡುವುದು. ಶೆಡ್ಡಿನ ಪಕ್ಕದಲ್ಲೇ ಭತ್ತದ ಮೂಟೆ ಇರುವುದರಿಂದ ಇದು ತಪ್ಪಲ್ಲ. ಆಮೇಲೆ ಸ್ಟೇರಿಂಗ್, ಗೇರ್ ನಾಬ್, ಸೀಟ್ ಬೆಲ್ಟಿನ ಮೇಲೆ ಬಂದ ಬೂಷ್ಟು ಒಣ ಬಟ್ಟೆಯಲ್ಲಿ ಒರೆಸುವುದು. ಆಷಾಢದಲ್ಲಿ ಒಂದು ವಾರ ಬಿಟ್ಟರೆ ಸೀಟಿನ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ ಇರುತ್ತೆ. ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿ ಆಗುವವರೆಗೆ ಮೆಲ್ಲಗೆ ಹೋಗುವುದು. ವಾಪಸ್ ಬಂದ ಮೇಲೆ ತಕ್ಷಣ ಆಫ್ ಮಾಡಲ್ಲ, ಒಂದು ನಿಮಿಷ ಸುಮ್ನೆ ಓಡಲು ಬಿಡುತ್ತೇನೆ. ಕೆಂಪಗೆ ಕಾದ ಟರ್ಬೊದಲ್ಲಿ ಆಯಿಲ್ ಓಡಾಟ ಒಮ್ಮೆಲೇ ನಿಂತರೆ ಅಲ್ಲೇ ಸುಟ್ಟು ಕರಿ ಕಟ್ಟುತ್ತೆ. ಚಿಕ್ಕಪ್ಪನ ಪ್ರಕಾರ ಅದು ಪೆಟ್ರೋಲ್ ದಂಡ. ಆ ಒಂದು ನಿಮಿಷ ನನಗೆ ಬಹಳ ಇಷ್ಟ. ಇಂಜಿನ್ ಗುರುಗುಡುತ್ತಿರುತ್ತೆ, ಶೆಡ್ಡಿನ ಶೀಟಿನ ಮೇಲೆ ಮಳೆ ಬೀಳುತ್ತಿರುತ್ತೆ, ಮಾಡಲು ಬೇರೆ ಕೆಲಸ ಇರಲ್ಲ.

ಇನ್ನು ಮಾಡಿಫಿಕೇಶನ್. ಗೆಳೆಯರ ಪಟ್ಟಿ ರೆಡಿ ಇತ್ತು: ಪವರ್ ಏರಿಸಲು ಇಂಜಿನ್ ಸಾಫ್ಟ್‌ವೇರ್ ಬದಲಾಯಿಸುವ ರಿಮ್ಯಾಪ್, ದೊಡ್ಡ ಸೈಲೆನ್ಸರ್, ಗಾಡಿ ಇನ್ನೂ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್. ಲೋವರಿಂಗ್ ಅಂದವನನ್ನು ನಮ್ಮ ತೋಟದ ದಾರಿಯಲ್ಲಿ ಒಂದು ಸಲ ನಡೆಸಿದೆ, ಮತ್ತೆ ಆ ಮಾತೆತ್ತಲಿಲ್ಲ. ಸ್ಪೇಸರ್ ಹಾಕಿ ಎತ್ತರ ಮಾಡು ಅಂದವರೂ ಇದ್ದರು. ಎತ್ತರ ಮಾಡಿದರೆ ತಿರುವಿನಲ್ಲಿ ಗಾಡಿ ವಾಲುತ್ತೆ, ಚಕ್ರದ ಅಲೈನ್‌ಮೆಂಟೂ ಕೆಡುತ್ತೆ. ಯಾವ ಸ್ಟೇರಿಂಗಿಗಾಗಿ ಇದನ್ನು ಇಟ್ಟುಕೊಂಡಿದ್ದೇನೋ ಅದನ್ನೇ ಹಾಳು ಮಾಡಿದ ಹಾಗೆ. ಸೈಲೆನ್ಸರ್ ಬೇಡವೇ ಬೇಡ. ನಮ್ಮ ರೋಡಿನಲ್ಲಿ ಬೆಳಗ್ಗೆ ಆನೆ ದಾಟುತ್ತೆ, ಅದರ ಎದುರು ಪಟಪಟ ಸದ್ದು ಮಾಡುವ ಧೈರ್ಯ ನನಗಿಲ್ಲ. ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮಾಕುಟ್ಟ ದಾಟಿ ಕೇರಳದ ಇರಿಟ್ಟಿ ಕಡೆ ಹೋದರೆ ಅಲ್ಲಿನ ಅಧಿಕಾರಿಗಳು ಇದನ್ನೆಲ್ಲ ನಿಲ್ಲಿಸಿ ನೋಡುತ್ತಾರೆ.

ಹಾಗಾಗಿ ಮೊದಲ ಕೆಲಸ ಹೊಟ್ಟೆಗೆ. ಗೋಣಿಕೊಪ್ಪದ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಎಂಎಂ ಕಬ್ಬಿಣದ ಶೀಟು ಬಗ್ಗಿಸಿ ಸಂಪಿನ ಕೆಳಗೆ ಬೋಲ್ಟ್ ಮಾಡಿಸಿದೆ. ಆಯಿಲ್ ಬಿಡಲು ತೂತು, ಬಿಸಿಗಾಳಿ ಹೋಗಲು ಹಿಂದೆ ಜಾಗ. ಮೊದಲು ತಗಡಿನ ಡಬ್ಬಿ ಥರ ಗಡಗಡ ಅಂತಿತ್ತು. ಹಳೇ ಟ್ಯೂಬ್ ಕತ್ತರಿಸಿ ವಾಷರ್ ಹಾಕಿದ ಮೇಲೆ ಸುಮ್ಮನಾಯಿತು. ಪ್ಲೇಟಿನಿಂದಾಗಿ ಎತ್ತರ ಇನ್ನೂ ಸ್ವಲ್ಪ ಕಮ್ಮಿಯಾಯಿತು ಅನ್ನುವುದು ಬೇರೆ ಮಾತು. ಈಗ ಉಜ್ಜಿದರೆ ಪ್ಲೇಟು ಉಜ್ಜುತ್ತೆ, ಎದೆ ಧಸಕ್ ಅನ್ನಲ್ಲ.

ಎರಡನೆಯದು ಟೈರ್. ಹಳೇ ಟೈರಿನಲ್ಲಿ ಗ್ರಿಪ್ ಚೆನ್ನಾಗೇ ಕಾಣುತ್ತಿತ್ತು, ಬದಿಯಲ್ಲಿ 2317 ಅಂತ ಇತ್ತು. ಅಂದರೆ 2017ರ 23ನೇ ವಾರದ ಮಾಲು. ಉಗುರು ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿ. ನಾಲ್ಕೂ ಬದಲಾಯಿಸಿದೆ, ಜೊತೆಗೆ ಬ್ರೇಕ್ ಆಯಿಲ್. ಬ್ರೇಕ್ ಆಯಿಲ್ ತೇವ ಹೀರುತ್ತೆ, ತೇವ ಹೀರಿದ್ದು ಉದ್ದದ ಇಳಿಜಾರಿನಲ್ಲಿ ಬೇಗ ಕುದಿಯುತ್ತೆ. ನಮ್ಮ ಗಾಳಿಯಲ್ಲಿ ತೇವಕ್ಕೇನು ಬರ? ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ.

ರಿಮ್ಯಾಪ್ ದುಡ್ಡನ್ನು ಪಾರ್ಟ್ಸಿಗೆ ಎತ್ತಿಟ್ಟಿದ್ದೇನೆ. ಫಿಯಟ್ ಪಾರ್ಟ್ಸಿಗೇನು ಚಿಂತೆ, ಮಾರುತಿ ಸ್ವಿಫ್ಟಿಗೂ ಟಾಟಾ ವಿಸ್ಟಾಗೂ ಅದೇ ಇಂಜಿನ್ ಅಲ್ವಾ ಅನ್ನುವವರ ಮಾತು ಕೇಳಬೇಡಿ. ಅದು 1.3 ಡೀಸೆಲ್ ಕಥೆ. ಈ ಪೆಟ್ರೋಲ್ ಟರ್ಬೊ ಇಲ್ಲಿ ಲೀನಿಯಾ, ಅವೆಂಚುರಾದಂಥ ಫಿಯಟ್‌ಗಳಲ್ಲಿ ಮಾತ್ರ ಬಂದದ್ದು. ಆ ಕಾರುಗಳೂ ಈಗ ಬರುತ್ತಿಲ್ಲ. ಊರಿನ ಮೆಕ್ಯಾನಿಕ್ ಕೈಯಲ್ಲಿ ಆಗುವ ಕೆಲಸ ಬಹಳ ಇದೆ, ಪಾರ್ಟ್ ಮಾತ್ರ ನೀವೇ ಹುಡುಕಿ ತರಿಸಿ ಕೊಡಬೇಕು. ಇದಕ್ಕೆ ತಾಳ್ಮೆ ಇಲ್ಲದವರು, ಮನೆಯಲ್ಲಿ ಎರಡನೇ ಗಾಡಿ ಇಲ್ಲದವರು ಕೊಳ್ಳಬೇಡಿ. ಎರಡೂ ಇದ್ದರೆ ಸರ್ವಿಸ್ ಬಿಲ್ ಇರುವ ಗಾಡಿಯನ್ನೇ ನೋಡಿ, ಐವತ್ತು ಸಾವಿರ ಜಾಸ್ತಿ ಆದರೂ ಸರಿ.

ಅಂದ ಹಾಗೆ, ಅಲಾಯ್ ಚಕ್ರದ ನಡುವೆ ಬರುವ, ಅಬಾರ್ತ್‌ನ ಚೇಳಿನ ಗುರುತಿರುವ ಕ್ಯಾಪ್ ಒಂದು ನನ್ನ ಗಾಡಿಯಲ್ಲಿಲ್ಲ. ಮೈಸೂರು, ಮಂಗಳೂರು ಕಡೆ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಗೀರು ಬಿದ್ದಿದ್ದರೂ ನಡೆಯುತ್ತೆ, ಉಳಿದ ಮೂರೂ ಹಾಗೇ ಇವೆ.