ಬಾಲಿಯಿಂದ ಇಜೆನ್‌ಗೆ ಹೊರಟಿದ್ದೀರಾ? ಮೊದಲು ಮಾಸ್ಕ್ ನೋಡಿ

ಬಾಲಿಗೆ ಹೋದವರು ಈಗ ಪಕ್ಕದ ಪೂರ್ವ ಜಾವಾದ ಕವಾ ಇಜೆನ್‌ಗೂ ಹೋಗಿಬರುತ್ತಾರೆ. ಜ್ವಾಲಾಮುಖಿಯ ಬಾಯಲ್ಲೇ ಹಸಿರು-ನೀಲಿ ಬಣ್ಣದ ಕೆರೆ. ರಾತ್ರಿ ಪಿಕಪ್, ಬಾಲಿಯ ಗಿಲಿಮಾನುಕ್ ಬಂದರಿನಿಂದ ಫೆರ್ರಿ, ಗೈಡ್, ಗ್ಯಾಸ್ ಮಾಸ್ಕ್ ಎಲ್ಲ ಸೇರಿ ಒಂದೇ ರೇಟು. ನಾವು ತಗೊಂಡದ್ದೂ ಅಂಥದ್ದೇ ಅಗ್ಗದ ಪ್ಯಾಕೇಜು.

ನಮ್ಮ ಭಾವನಿಗೆ ಉಬ್ಬಸ ಇದೆ ಅಂತ ಬುಕ್ ಮಾಡುವಾಗಲೇ ಹೇಳಿದ್ದೆವು. ಹತ್ತಲು ಆರೋಗ್ಯ ಸರ್ಟಿಫಿಕೇಟ್ ಬೇಕು. ದಾರಿಯಲ್ಲಿ ವ್ಯಾನ್ ನಿಲ್ಲಿಸಿ, ಬಿಪಿ ಕೂಡ ನೋಡದೆ, ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. ಆಯ್ತು ತಪಾಸಣೆ!

ಹತ್ತುವುದು ಶುರುವಾಗುವ ಪಾಲ್ಟುಡಿಂಗ್‌ನಿಂದ ಜ್ವಾಲಾಮುಖಿಯ ಬಾಯಿಯ ಅಂಚಿನವರೆಗೆ ಸುಮಾರು 3 ಕಿ.ಮೀ. ಏರು. ಅದು ನಿಧಾನಕ್ಕೆ ಹತ್ತಿದರೆ ಆಗುತ್ತದೆ. ಕಷ್ಟ ಇರುವುದು ಅಲ್ಲಿಂದ ಒಳಗೆ ಇಳಿಯುವುದರಲ್ಲಿ. ಕಡಿದಾದ ಕಲ್ಲುದಾರಿ, ಕತ್ತಲು. ಎದುರಿಗೆ 70-80 ಕಿಲೋ ಗಂಧಕ ಹೊತ್ತು ಬರುವ ಕಾರ್ಮಿಕರು. ದಾರಿ ಬಿಡಬೇಕಾದವರು ನಾವು, ಅವರಲ್ಲ. ಎಲ್ಲರೂ ಕೆಳಗೆ ಇಳಿಯುವುದೇ ನೋಡಲು ಅಂತ ಇರುವ ನೀಲಿ ಬೆಂಕಿ ಕತ್ತಲಲ್ಲಷ್ಟೇ ಕಾಣುತ್ತದೆ, ಹಾಗಾಗಿ ಗೈಡ್ ಓಡಿಸಿಕೊಂಡೇ ಹೋದ. (ಜಾಹೀರಾತಿನಲ್ಲಿ ಬರೆಯುವ ಹಾಗೆ ಅದು ನೀಲಿ ಲಾವಾ ಅಲ್ಲ, ಗಂಧಕದ ಅನಿಲ ಉರಿಯುವುದು ಅಷ್ಟೇ.)

ಕೆಳಗೆ ಗಾಳಿ ತಿರುಗಿತು. ಹೊಗೆ ನೇರ ನಮ್ಮ ಮುಖಕ್ಕೆ. ಕಣ್ಣು ಉರಿ, ಗಂಟಲಲ್ಲಿ ಖಾರ. ಮಾಸ್ಕ್ ಹಾಕಿಯೂ ಭಾವ ಕೆಮ್ಮಿ ಕೆಮ್ಮಿ ಕೂತುಬಿಟ್ಟರು. ಟಾರ್ಚ್ ಹಿಡಿದು ನೋಡಿದರೆ ಅದರಲ್ಲಿದ್ದದ್ದು ಧೂಳು ತಡೆಯುವ ಬಟ್ಟೆಯ ಫಿಲ್ಟರ್ ಮಾತ್ರ. ಆ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ಅನಿಲಕ್ಕೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗೈಡ್ ಅಷ್ಟರಲ್ಲಿ ಇನ್ನೊಂದು ಗುಂಪಿನ ಫೋಟೋ ತೆಗೆಯುತ್ತಿದ್ದ. ಭಾವನನ್ನು ಮೇಲೆ ಹತ್ತಿಸಿದ್ದು ಒಬ್ಬ ಗಂಧಕದ ಕಾರ್ಮಿಕ, ಬುಟ್ಟಿಯನ್ನು ದಾರಿಯಲ್ಲೇ ಇಳಿಸಿಟ್ಟು ಬಂದು.

ದುಡ್ಡು ವಾಪಸ್ ಕೇಳಿದರೆ, "ಮಾಸ್ಕ್ ಕೊಟ್ಟಿದ್ದೇವಲ್ಲ" ಎಂಬ ಉತ್ತರ.

ಹೋಗುವವರು ಕೈಗೆ ಬಂದ ಮಾಸ್ಕಿನ ಕಾರ್ಟ್ರಿಜ್ (ಫಿಲ್ಟರ್ ಡಬ್ಬಿ) ಮೇಲೆ ಆಮ್ಲ ಅನಿಲಕ್ಕೆ (ಆ್ಯಸಿಡ್ ಗ್ಯಾಸ್) ಅಂತ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಪಾಲ್ಟುಡಿಂಗ್‌ನಲ್ಲೇ ಬಾಡಿಗೆಗೆ ಸಿಗುತ್ತವೆ, ಅವನ್ನೂ ನೋಡಿಯೇ ತಗೊಳ್ಳಿ. ಒಬ್ಬ ಗೈಡ್‌ಗೆ ಎಷ್ಟು ಜನ ಅಂತ ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ. ಉಬ್ಬಸ ಇದ್ದವರು ಒಳಗೆ ಇಳಿಯಲೇಬೇಡಿ, ಬೆಳಗಾದ ಮೇಲೆ ಕೆರೆ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಆ ನೀರು ಬ್ಯಾಟರಿಯ ಆ್ಯಸಿಡ್‌ನಂಥದ್ದು, ಪಿಎಚ್ 1ಕ್ಕಿಂತ ಕಡಿಮೆ, ಮುಟ್ಟುವ ಮಾತೇ ಇಲ್ಲ. ಫೋಟೋಗೆ ಅಂತ ಅಂಚಿಗೂ ಹೋಗಬೇಡಿ. 2024ರ ಏಪ್ರಿಲ್‌ನಲ್ಲಿ ಹಾಗೆ ನಿಂತ ಪ್ರವಾಸಿಯೊಬ್ಬರು ಬಿದ್ದು ತೀರಿಕೊಂಡರು.