1857ರ ಪ್ರಶ್ನೆ: ಉತ್ತರವನ್ನು ಎರಡು ಭಾಗ ಮಾಡೋದಾ, ಅಂಶಕ್ಕೊಂದು ಪ್ಯಾರಾ ಬರೆಯೋದಾ?

ಇತಿಹಾಸ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ: '1857ರದ್ದು ಸಿಪಾಯಿ ದಂಗೆಯೋ, ಸ್ವಾತಂತ್ರ್ಯ ಸಂಗ್ರಾಮವೋ?' ಎರಡೂ ಕಡೆ ತೂಗಿ ಬರೆಯಲು ಎರಡು ದಾರಿಗಳಿವೆ.

ಒಂದು, ಅರ್ಧ ಉತ್ತರ 'ದಂಗೆ'ಯ ಪರ, ಉಳಿದರ್ಧ 'ಸಂಗ್ರಾಮ'ದ ಪರ. ಬರೆಯೋದು ಸುಲಭ. ಆದರೆ ಎರಡು ಪಟ್ಟಿ ಓದಿದ ಹಾಗಾಗುತ್ತದೆ, ತೀರ್ಮಾನವನ್ನು ಸುಮ್ನೆ ಕೊನೆಗೆ ಅಂಟಿಸಿದಂತೆ ಕಾಣುತ್ತದೆ.

ಇನ್ನೊಂದು, ಅಂಶಕ್ಕೊಂದು ಪ್ಯಾರಾ: ಯಾರು ಸೇರಿದರು, ಯಾಕೆ, ಎಲ್ಲೆಲ್ಲಿ. 'ಎಲ್ಲೆಲ್ಲಿ' ಅನ್ನೋದನ್ನೇ ನೋಡಿ. ಮೇ 10ರಂದು ಮೀರತ್‌ನಲ್ಲಿ ಎದ್ದ ಸಿಪಾಯಿಗಳು ಮರುದಿನವೇ ದೆಹಲಿ ಸೇರಿದರು, ಅವಧದಲ್ಲಿ ತಾಲ್ಲೂಕುದಾರರೂ (ದೊಡ್ಡ ಜಮೀನ್ದಾರರು) ರೈತರೂ ಜೊತೆಯಾದರು, ನಮ್ಮ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂತ ತಿರುಗಿಬಿದ್ದರು. ಆದರೆ ಮದ್ರಾಸ್ ಸೈನ್ಯ ಬಹುಪಾಲು ಈಸ್ಟ್ ಇಂಡಿಯಾ ಕಂಪನಿಯ ಕಡೆಯೇ ಉಳಿಯಿತು. ಒಂದೇ ಪ್ಯಾರಾದಲ್ಲಿ ಎರಡೂ ವಾದ ಎದುರುಬದುರಾದವು, ಅಲ್ವಾ? ಆ 'ಆದರೆ'ಯಲ್ಲೇ ತೂಕ ಇರೋದು.

ನನ್ನ ಆಯ್ಕೆ ಎರಡನೆಯದೇ. ಇದಕ್ಕೆ ಯೋಚನೆ ಜಾಸ್ತಿ ಬೇಕು, ಹಾಗಾಗಿ ಹಿಂದಿನ ಪುಟದಲ್ಲಿ ಮೂರು ಅಂಶ ಗೀಚಿಕೊಂಡೇ ಶುರು ಮಾಡಿ. ಹತ್ತೇ ನಿಮಿಷ ಉಳಿದಿದ್ದರೆ ಮಾತ್ರ ಮೊದಲನೆಯದು ಹಿಡಿಯಿರಿ, ಆಗಲೂ ನಿಮ್ಮ ಸ್ವಂತ ತೀರ್ಮಾನಕ್ಕೆ ಮೂರು ಸಾಲು ಉಳಿಸಿಕೊಳ್ಳಿ.